ಮೊದಲು ಓದಿ ಹೇಳಿ

ಮಕ್ಕಳು ಪುಸ್ತಕ ಮುಟ್ಟುವುದಿಲ್ಲ ಎಂಬ ದೂರು ಹೊತ್ತ ಪತ್ರಗಳು ನಮಗೆ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಮೊಬೈಲಿಗೆ ಬೈಗುಳ ಇರುತ್ತದೆ, ಹೋಂವರ್ಕಿಗೆ ಬೈಗುಳ ಇರುತ್ತದೆ, ಇಂಗ್ಲಿಷ್ ಮಾಧ್ಯಮಕ್ಕಂತೂ ಇದ್ದೇ ಇರುತ್ತದೆ. ಮನೆಯ ದೊಡ್ಡವರು ಕೊನೆಯ ಸಲ ಯಾವ ಪುಸ್ತಕ ಹಿಡಿದಿದ್ದರು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ನಮ್ಮಲ್ಲಿ ಓದು ಒಬ್ಬೊಬ್ಬರೇ ಮೂಲೆ ಹಿಡಿದು ಕೂರುವ ಕೆಲಸವಾದದ್ದು ಈಚೆಗೆ. ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ಒಬ್ಬರು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಹೇಳುವುದು, ಜಗಲಿ ತುಂಬ ಜನ ಕೂತು ಕೇಳುವುದು ಎಷ್ಟೋ ಊರುಗಳ ರೂಢಿಯಾಗಿತ್ತು. ಅಕ್ಷರ ಬಾರದ ಅಜ್ಜಿಯರೂ ಕೇಳಿ ಕೇಳಿಯೇ ಪದ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು; ವಾಚಿಸುವವರು ತಪ್ಪಿದರೆ ಕೂತಲ್ಲಿಂದಲೇ ತಿದ್ದುತ್ತಿದ್ದರು. ನಿದ್ದೆಗಣ್ಣಿನ ಮಕ್ಕಳಿಗೆ ಎಲ್ಲ ತಿಳಿಯುತ್ತಿತ್ತು ಎಂದಲ್ಲ. ದೊಡ್ಡವರು ನಿದ್ದೆಗೆಟ್ಟು ಕೂರುವಂಥದ್ದು ಈ ಪುಸ್ತಕದಲ್ಲಿ ಏನೋ ಇದೆ ಎಂಬುದಂತೂ ತಿಳಿಯುತ್ತಿತ್ತು. ಆ ಜಗಲಿ ಊರಿನ ಎಲ್ಲರಿಗೂ ತೆರೆದಿರಲಿಲ್ಲ. ಹಾಗಾಗಿ ಹಳೆಯ ಕಾಲವೇ ತಿರುಗಿ ಬರಲಿ ಎಂಬ ಆಸೆ ನಮಗಿಲ್ಲ. ಅಲ್ಲಿನ ಒಂದು ಪದ್ಧತಿ ಉಳಿಯಲಿ ಎನ್ನುತ್ತೇವೆ, ಅಷ್ಟೆ.

1949ರಲ್ಲಿ ಕನ್ನಡಕ್ಕೆ ಬಂದ ಚಂದಮಾಮ ಅದೇ ಪದ್ಧತಿಯನ್ನು ನಡುಮನೆಗೆ ತಂದಿತು. ಅದರ ಬೇತಾಳ ಕಥೆಗಳಂತೂ ಗಟ್ಟಿಯಾಗಿ ಓದುವುದಕ್ಕೆಂದೇ ಹುಟ್ಟಿದವು. ರಾಜ ವಿಕ್ರಮನ ಹೆಗಲ ಮೇಲಿನ ಶವದೊಳಗಿನ ಬೇತಾಳ ಕಥೆ ಹೇಳಿ ಮುಗಿಸಿ ಪ್ರಶ್ನೆ ಕೇಳುತ್ತದೆ; ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತದೆ ಎಂದು ಹೆದರಿಸುತ್ತದೆ. ಜಾಣ ಅಪ್ಪಂದಿರು ಅಲ್ಲಿಗೆ ಓದು ನಿಲ್ಲಿಸಿ, ಬೆರಳಿಟ್ಟು ಪುಸ್ತಕ ಮುಚ್ಚಿ, "ನೀನು ವಿಕ್ರಮನಾಗಿದ್ದರೆ ಏನು ಹೇಳುತ್ತಿದ್ದೆ?" ಎನ್ನುತ್ತಿದ್ದರು. ಅಣ್ಣ ಒಂದು ಹೇಳಿದರೆ ತಂಗಿ ಇನ್ನೊಂದು. ಅಡುಗೆಮನೆಯಿಂದ ಅಮ್ಮನದು ಮೂರನೆಯದು. ಜಗಳ ಮುಗಿದ ಮೇಲೆ ರಾಜನ ಉತ್ತರ. ಅದು ಯಾರಿಗೂ ಪೂರ್ತಿ ಒಪ್ಪಿಗೆಯಾಗದಿದ್ದರೂ ನಡೆಯುತ್ತಿತ್ತು.

ಕನ್ನಡ ಓದಲು ತಡವರಿಸುವ ಮಗುವಿಗೆ ಈ ದಾರಿ ಇನ್ನೂ ಹೆಚ್ಚು ಬೇಕು. ಬೆಂಗಳೂರಿನ ಮಗುವಾಗಲಿ, ನ್ಯೂಜೆರ್ಸಿಯದಾಗಲಿ, ಕಿವಿಗೆ ಬಿದ್ದ ಕಥೆಯನ್ನು ಚೆನ್ನಾಗಿಯೇ ಹಿಡಿಯುತ್ತದೆ. ಎಡವುವುದು ಒತ್ತಕ್ಷರದ ಹತ್ತಿರ. ಪಕ್ಕದಲ್ಲಿ ಕೂತು ಸಾಲಿನ ಕೆಳಗೆ ಬೆರಳಾಡಿಸುತ್ತ ಓದಿದರೆ, ಕಿವಿಗೆ ಬಿದ್ದ ಪದ ನಿಧಾನವಾಗಿ ಕಣ್ಣಿಗೂ ಗುರುತು ಸಿಗುತ್ತದೆ. ಮಧ್ಯೆ ನಿಲ್ಲಿಸಿ ಅರ್ಥ ಕೇಳಿ ಪರೀಕ್ಷೆ ಮಾಡುವ ಚಟವನ್ನು ಮಾತ್ರ ಬಿಡಬೇಕು. ಶಾಲೆಯಲ್ಲಿ ಅದು ಬೇಕಾದಷ್ಟು ನಡೆಯುತ್ತದೆ.

ಓದಿ ಹೇಳಲು ಏನಿದೆ ಎಂದು ಕೇಳುವವರಿಗೆ ಪಂಜೆಯವರಿದ್ದಾರೆ, ರಾಜರತ್ನಂ ಇದ್ದಾರೆ, ಕುವೆಂಪು ಅವರ ಕಿಂದರಿಜೋಗಿ ಇದ್ದಾನೆ. ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಶಿವರಾಮ ಕಾರಂತರು ಒಬ್ಬರೇ ಬರೆದರು. ಇಂದಿನ ಲೇಖಕರೂ ಒಳ್ಳೆಯ ಪುಸ್ತಕಗಳನ್ನು ಕೊಡುತ್ತಿದ್ದಾರೆ. ಕೊಳ್ಳಲಾಗದಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.

ಈ ಸಂಚಿಕೆಯ ಮಕ್ಕಳ ಪುಟದ ಕಥೆಯನ್ನು ಗಟ್ಟಿಯಾಗಿ ಓದಿದರೆ ಕಾಲು ಗಂಟೆ ಹಿಡಿಯಬಹುದು. ಇವತ್ತು ರಾತ್ರಿ ಊಟವಾದ ಮೇಲೆ ಟೀವಿ ಆರಿಸಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಓದಿ. ಮಕ್ಕಳು ಏನೆಂದರು ಎಂಬುದನ್ನು ನಮಗೆ ಬರೆಯಿರಿ, ಬೈದಿದ್ದರೂ ಪ್ರಕಟಿಸುತ್ತೇವೆ.