ಗಾಡಿ ಕಳಿಸಿದ್ದು ಸಾಕು, ನೀರಿಗೆ ದಾರಿ ಮಾಡಿ



ಮೋಡ ಕಟ್ಟಿತೆಂದರೆ ಬೇರೆ ಕಡೆಯವರು ಒಣ ಹಾಕಿದ ಅರಿವೆ ತೆಗೆಯಲು ಮಾಳಿಗೆಗೆ ಓಡುತ್ತಾರೆ. ನವನಗರದ ತಗ್ಗಿನ ಓಣಿಯಲ್ಲಿರುವ ನಾವು ಬಚ್ಚಲಿಗೆ ಓಡುತ್ತೇವೆ. ಹಳೇ ಲುಂಗಿ ಸುತ್ತಿ ಬಚ್ಚಲ ತೂತಿಗೆ ತುರುಕಿ, ಮೇಲೆ ರುಬ್ಬುಗುಂಡು ಹೇರಿ, ಸಂಡಾಸದ ಹೊಸ್ತಿಲಿಗೆ ಉಸುಕಿನ ಚೀಲ ಒತ್ತಿ ಕಾಯುತ್ತ ಕೂಡುತ್ತೇವೆ. ಅರ್ಧ ತಾಸಿಗೆ ಗುಂಡಿನ ಅಡಿಯಿಂದ ಗುಳುಗುಳು ಸದ್ದು ಶುರು. ಆಮೇಲೆ ಕಪ್ಪು ನೀರು. ಬೀದಿಯ ನೀರಾದರೆ ಬಾಗಿಲು ಹಾಕಿ ತಡೆಯಬಹುದು. ಇದು ಮನೆಯ ಒಳಗಿನಿಂದಲೇ ಎದ್ದು ಬರುತ್ತದೆ. ಇಡೀ ಓಣಿ ಬೆಳಗಿನಿಂದ ಹೊರಗೆ ಬಿಟ್ಟದ್ದು ತಗ್ಗಿನ ಮನೆಯವರ ಪಡಸಾಲೆಯಲ್ಲಿ ತೇಲುತ್ತದೆ. "ಏನವ್ವಾ, ನಿಮ್ಮನ್ಯಾಗೂ ಬಂತೇನ?" ಎಂದು ಕಾಂಪೌಂಡ್ ಗೋಡೆಯಾಚೆಯಿಂದ ಕೇಳಿದರೆ, ಏನು ಬಂತು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮಳೆ ನಿಂತ ಮೇಲೆ ಫೋನ್ ಮಾಡುತ್ತೇವೆ. ಜೆಟ್ಟಿಂಗ್ ಗಾಡಿ ಬರುತ್ತದೆ. ಚೇಂಬರ್ ಮುಚ್ಚಳ ತೆಗೆದು ರಭಸದಿಂದ ನೀರು ಹೊಡೆಯುತ್ತಾರೆ, ಕಟ್ಟಿದ್ದು ಸರಿಯುತ್ತದೆ, ಗಾಡಿ ಹೋಗುತ್ತದೆ. ನಾವು ಫಿನೈಲ್ ಸುರಿದು ತಿಕ್ಕಿ ತೊಳೆಯುತ್ತೇವೆ. ಮುಂದಿನ ಮಳೆಗೆ ಮತ್ತೆ ಅದೇ ಲುಂಗಿ, ಅದೇ ಗುಂಡು. ಗಾಡಿಯವರ ಮೇಲೆ ನಮಗೆ ಸಿಟ್ಟಿಲ್ಲ, ಅವರು ತಮ್ಮ ಕೆಲಸ ಮಾಡುತ್ತಾರೆ. ಆದರೆ ಗಾಡಿ ಕಟ್ಟಿದ್ದನ್ನು ಬಿಡಿಸುತ್ತದೆಯೇ ಹೊರತು ಯಾಕೆ ಕಟ್ಟಿತು ಎಂದು ನೋಡುವುದಿಲ್ಲ. ಅದನ್ನು ನೋಡಿ ಸರಿಪಡಿಸಿ ಎಂದು ಹುಬ್ಬಳ್ಳಿ-ಧಾರವಾಡ ಪಾಲಿಕೆಯನ್ನು ಕೇಳಲು ಈ ಕರಪತ್ರ.

ಎರಡು ನೀರು, ಒಂದೇ ಕೊಳವೆ

ಮನೆಯಿಂದ ಹೊರಗೆ ಹೋಗುವ ನೀರು ಎರಡು ಬಗೆ. ಬಚ್ಚಲು, ಸಂಡಾಸು, ಅಡಿಗೆ ಮನೆಯ ಹೊಲಸು ನೀರು ಒಂದು. ಇದು ಒಳಚರಂಡಿಗೆ, ಅಂದರೆ ಯುಜಿಡಿಗೆ ಹೋಗಬೇಕು. ಮಾಳಿಗೆ, ಅಂಗಳ, ರಸ್ತೆಯ ಮೇಲೆ ಬಿದ್ದ ಮಳೆನೀರು ಇನ್ನೊಂದು. ಇದು ಗಟಾರ ಹಿಡಿದು ಹಳ್ಳ ಸೇರಬೇಕು. ಒಳಚರಂಡಿಯ ಕೊಳವೆಯನ್ನು ಮಳೆನೀರಿನ ಲೆಕ್ಕ ಹಿಡಿದು ಹಾಕಿರುವುದೇ ಇಲ್ಲ.

ಲೆಕ್ಕ ಹೀಗಿದೆ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕು ಎಂಬುದು ನಮ್ಮ ದೇಶದ ಎಂಜಿನಿಯರರ ಕೈಪಿಡಿಯ ಮಾತು. ಅದರಲ್ಲಿ ಶೇಕಡಾ 80ರಷ್ಟು ಹೊಲಸು ನೀರಾಗಿ ಹೊರಗೆ ಬರುತ್ತದೆ. ಐದು ಜನರ ಮನೆಯಿಂದ ದಿನಕ್ಕೆ 540 ಲೀಟರ್, ತಾಸಿಗೆ ಸರಾಸರಿ 22 ಲೀಟರಿನ ಆಚೀಚೆ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಸ್ನಾನಕ್ಕೆ ನಿಲ್ಲುತ್ತಾರೆಂದು ಸರಾಸರಿಯ ಮೂರು ಪಟ್ಟು ಹರಿವನ್ನು ತಡೆಯುವಂತೆ ಕೊಳವೆ ಹಾಕುವುದು ರೂಢಿ.

ಇನ್ನು ಮಳೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30×40 ಅಡಿಯ ನಿವೇಶನ ಸುಮಾರು 111 ಚದರ ಮೀಟರ್. ಅದರ ಮೇಲೆ ಒಂದು ತಾಸಿನಲ್ಲಿ 20 ಮಿಲಿಮೀಟರ್ ಮಳೆ ಸುರಿದರೆ 2,200 ಲೀಟರಿಗಿಂತ ಹೆಚ್ಚು ನೀರು. ಮನೆಯವರೆಲ್ಲ ಸೇರಿ ನಾಲ್ಕು ದಿನ ಬಿಡುವ ನೀರನ್ನು ಮಾಳಿಗೆ, ಅಂಗಳ ಸೇರಿ ಒಂದೇ ತಾಸಿನಲ್ಲಿ ಬಿಡುತ್ತವೆ.

ಈಗ ಸಾವಿರ ಮನೆಗಳಿಗೆಂದು ಹಾಕಿದ ಮುಖ್ಯ ಕೊಳವೆಯೊಂದನ್ನು ತೆಗೆದುಕೊಳ್ಳಿ. ತಾಸಿಗೆ ಸರಾಸರಿ 22,500 ಲೀಟರ್ ಹರಿವು, ಹೆಚ್ಚೆಂದರೆ 67,500 ಲೀಟರ್ ತಡೆಯಬೇಕು. ಸರಾಸರಿ ಹರಿವು ಇರುವಾಗಲೇ ಇಂಥ ಕೊಳವೆಯನ್ನು ಹೆಚ್ಚುಕಡಿಮೆ ಅಂಚಿನವರೆಗೆ ತುಂಬಿಸಲು, ಆ ಮಳೆಯಲ್ಲಿ ಸಾವಿರದಲ್ಲಿ ಇಪ್ಪತ್ತು ಮನೆಯವರು ಮಾಳಿಗೆ, ಅಂಗಳದ ನೀರನ್ನು ಯುಜಿಡಿ ಚೇಂಬರಿಗೆ ಬಿಟ್ಟರೆ ಸಾಕು. ರಸ್ತೆಯ ನೀರು ಒಡೆದ ಮುಚ್ಚಳದಿಂದ ಇಳಿಯುವುದು ಬೇರೆ. ಕೊಳವೆ ಗಾಜಿನ ಹಾಗೆ ಸ್ವಚ್ಛವಿದ್ದರೂ ಇಷ್ಟನ್ನು ಅದು ತಡೆಯದು. ಮುಂದೆ ಹೋಗಲಾಗದ ನೀರು ಹಿಂದಕ್ಕೆ ಬರುತ್ತದೆ. ಎಲ್ಲಕ್ಕಿಂತ ತಗ್ಗಿನಲ್ಲಿರುವ ತೂತು ಯಾರ ಮನೆಯದೋ ಅವರ ಬಚ್ಚಲಲ್ಲಿ ಏಳುತ್ತದೆ. ಗಾಡಿ ನೂರು ಸಲ ಬಂದು ಹೋದರೂ ಈ ಲೆಕ್ಕ ಬದಲಾಗುವುದಿಲ್ಲ.

ಏರಿದ ರಸ್ತೆ, ಬಿರಿದ ಕೊಳವೆ

ಮೊದಲು ಮನೆ ಕಟ್ಟಿದವರನ್ನು ಕೇಳಿ ನೋಡಿ. ರಸ್ತೆಯಿಂದ ಕಟ್ಟೆಗೆ ಎರಡೋ ಮೂರೋ ಮೆಟ್ಟಿಲು ಹತ್ತುತ್ತಿದ್ದೆವು ಎನ್ನುತ್ತಾರೆ. ಹಳೇ ಡಾಂಬರಿನ ಮೇಲೆ ಹೊಸ ಡಾಂಬರು, ಅದರ ಮೇಲೆ ಕಾಂಕ್ರೀಟು ಬಿದ್ದಂತೆಲ್ಲ ರಸ್ತೆ ಏರುತ್ತದೆ, ಮೆಟ್ಟಿಲು ಒಂದೊಂದಾಗಿ ಮಣ್ಣು ಪಾಲಾಗುತ್ತದೆ. ಕೊನೆಗೆ ಗೇಟು ದಾಟಿ ಮನೆಯೊಳಕ್ಕೆ ಇಳಿಯುವ ಕಾಲ ಬರುತ್ತದೆ. ನೀರಿಗೂ ಅದೇ ದಾರಿ.

ನಮ್ಮ ಸೀಮೆಯ ಎರೆಮಣ್ಣಿನ ಗುಣ ರೈತರಿಗೆ ಗೊತ್ತು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಇಂಥ ನೆಲದಲ್ಲಿ ಹೂತ ಕೊಳವೆ ವರ್ಷವರ್ಷವೂ ಅಲುಗುತ್ತದೆ. ಜೋಡಣೆ ಬಾಯಿ ಬಿಡುತ್ತದೆ. ಮಣ್ಣು, ಬೇರು ಒಳಗೆ ಬರುತ್ತವೆ. ಒಂದು ತುಂಡು ಕುಸಿದರೆ ಇಳಿಜಾರೇ ತಪ್ಪುತ್ತದೆ. ಕೊಳವೆಯೊಳಗಿನ ನೀರು ಸೆಕೆಂಡಿಗೆ 60 ಸೆಂಟಿಮೀಟರ್ ವೇಗದಲ್ಲಾದರೂ ಹರಿಯದಿದ್ದರೆ ಗಸಿ ತಳ ಹಿಡಿಯುತ್ತದೆ. ಒಂದೇ ಚೇಂಬರ್ ತಿಂಗಳಿಗೊಮ್ಮೆ ಕಟ್ಟುತ್ತಿದೆ ಎಂದರೆ ಅಲ್ಲಿ ಇಳಿಜಾರು ತಪ್ಪಿದೆಯೇ ಎಂದು ಅಳೆದು ನೋಡಬೇಕು.

ನಮ್ಮ ಮಗ್ಗುಲಿಗೇ ಚಿಗರಿ ಬಸ್ಸು ಓಡುವ ದೊಡ್ಡ ರಸ್ತೆ ಇದೆ. 2020ರ ಫೆಬ್ರುವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅದನ್ನು ಉದ್ಘಾಟಿಸಿದರು. ಹುಬ್ಬಳ್ಳಿ-ಧಾರವಾಡದ ನಡುವಿನ ಓಡಾಟ ಹಗುರಾಗಿದೆ, ಅಲ್ಲ ಎನ್ನುವುದಿಲ್ಲ. ಆದರೆ ಅಗಲ ಮಾಡಿ ಎತ್ತರಿಸಿದ ಯಾವ ರಸ್ತೆಯಾದರೂ ಹರಿಯುವ ನೀರಿನ ಪಾಲಿಗೆ ಒಂದು ಒಡ್ಡು. ಅದರಡಿಯ ಮೋರಿಗಳು ತೆರೆದಿವೆಯೇ, ಇಂದಿನ ನೀರಿಗೆ ಸಾಲುತ್ತವೆಯೇ ಎಂಬುದನ್ನು ಮಳೆಗಾಲಕ್ಕೆ ಮೊದಲೇ ನೋಡಬೇಕು. ಮೇಲ್ಭಾಗದಲ್ಲಿ ಹೊಸ ಬಡಾವಣೆ ಎದ್ದಾಗಲೂ ಅಷ್ಟೇ: ನಿನ್ನೆಯವರೆಗೆ ಮಳೆ ಹೀರುತ್ತಿದ್ದ ಹೊಲ ಇಂದು ಕಾಂಕ್ರೀಟು. ಆ ನೀರೆಲ್ಲ ಕೆಳಗೆ ನಮ್ಮತ್ತ ಬರುತ್ತದೆ.

ನಳದ ನೀರಿಗೂ ಕುತ್ತು

ಇದನ್ನು ನಾರುವ ನೀರಿನ ರಗಳೆ ಎಂದಷ್ಟೇ ತಿಳಿಯಬೇಡಿ. ಕುಡಿಯುವ ನೀರಿನ ಕೊಳವೆಯೂ ಹೊಲಸು ನೀರಿನ ಕೊಳವೆಯೂ ಅದೇ ರಸ್ತೆಯಡಿಯಲ್ಲಿವೆ. ನಳದಲ್ಲಿ ನೀರು ಬರುತ್ತಿರುವಷ್ಟು ಹೊತ್ತು ಒಳಗಿನ ಒತ್ತಡ ಹೊರಗಿನದನ್ನು ದೂಡಿ ಹಿಡಿದಿರುತ್ತದೆ. ಸರಬರಾಜು ನಿಂತು ಕೊಳವೆ ಖಾಲಿಯಾಯಿತೋ, ಸುತ್ತ ನಿಂತ ಹೊಲಸು ಬಿರುಕಿನಿಂದ ಒಳಗೆ ಇಳಿಯುತ್ತದೆ. 2008ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡದ ಕೆಲವು ಭಾಗಗಳಿಗೆ ದಿನದ 24 ತಾಸೂ ನೀರು ಕೊಟ್ಟದ್ದು ದೇಶಕ್ಕೇ ಮಾದರಿಯಾಯಿತು. ಅದರ ಒಂದು ದೊಡ್ಡ ಲಾಭ ಈ ಒತ್ತಡದ್ದು. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಜೀವ ಕಳೆದುಕೊಂಡರು. ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ, ದೂರದ ಊರುಗಳಿಂದ ಮೈಯಲ್ಲಿ ಕಸುವಿಲ್ಲದ ರೋಗಿಗಳು ಬರುತ್ತಾರೆ. ಸವದತ್ತಿಯಿಂದ ಮಲಪ್ರಭೆಯ ನೀರನ್ನು ಎತ್ತಿ ತಂದು, ಶುದ್ಧ ಮಾಡಿ, ಮನೆಯ ಬಾಗಿಲಲ್ಲಿ ಕೆಡಿಸುವುದು ಯಾವ ನ್ಯಾಯ?

ಕಾನೂನು ಏನು ಹೇಳುತ್ತದೆ

ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇರುವ ಊರು ನಮ್ಮದು. ಹಾಗಾಗಿ ಕಾನೂನಿನ ಮಾತನ್ನೂ ಆಡೋಣ. ಚರಂಡಿ ಕಟ್ಟುವುದು, ಅದನ್ನು ಸುಸ್ಥಿತಿಯಲ್ಲಿಡುವುದು ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಅಧಿನಿಯಮ 1976ರ 58ನೇ ಪ್ರಕರಣದಂತೆ ಪಾಲಿಕೆಯ ಕಡ್ಡಾಯ ಕೆಲಸ. ಮನಸ್ಸು ಬಂದರೆ ಮಾಡುವ ಐಚ್ಛಿಕ ಕೆಲಸಗಳ ಪಟ್ಟಿಯೇ ಬೇರೆ ಇದೆ.

"ದುಡ್ಡಿಲ್ರಿ" ಎಂಬ ಉತ್ತರಕ್ಕೂ ತೀರ್ಪು ಬಂದು ದಶಕಗಳಾದವು. ಮಧ್ಯಪ್ರದೇಶದ ರತ್ಲಾಮ್ ಊರಿನ ಒಂದು ವಾರ್ಡಿನ ಜನ ತೆರೆದ ಗಟಾರ, ಹೊಲಸು, ಮದ್ಯಸಾರದ ಕಾರ್ಖಾನೆಯಿಂದ ಬೀದಿಗೆ ಹರಿಯುವ ನೀರು ಇವುಗಳಿಂದ ಬೇಸತ್ತು ದಂಡಾಧಿಕಾರಿಯ ಬಳಿ ಹೋದರು. ಸರಿಪಡಿಸಿ ಎಂದು ಆದೇಶವಾಯಿತು. ಅಲ್ಲಿನ ಪುರಸಭೆ ಹಣವಿಲ್ಲವೆಂದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1980ರ ಜುಲೈಯಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಆ ವಾದವನ್ನು ತಳ್ಳಿಹಾಕಿತು: ಹಣದ ಅಡಚಣೆ ಹೇಳಿ ಊರಿನ ನೈರ್ಮಲ್ಯದ ಹೊಣೆಯಿಂದ ಪುರಸಭೆ ನುಣುಚಿಕೊಳ್ಳುವಂತಿಲ್ಲ. ರತ್ಲಾಮಿನವರು ಹಿಡಿದ ದಾರಿ ಇಂದಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣದಲ್ಲಿ ಹಾಗೇ ಇದೆ. ಅಲ್ಲಿಯವರೆಗೆ ಹೋಗುವ ಆಸೆ ನಮಗಿಲ್ಲ. ಆದರೆ ದಾರಿ ಇದೆ ಎಂಬುದು ನಮಗೂ ಪಾಲಿಕೆಗೂ ಗೊತ್ತಿರಲಿ.

ಕೇಳಬೇಕಾದ ಹೊತ್ತೂ ಇದೇ. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಊರು ಸೇರಿ ಒಂದು ಪಾಲಿಕೆಯಾಯಿತು. 2021ರ ಚುನಾವಣೆಯಿಂದ ಅದಕ್ಕೆ 82 ವಾರ್ಡು. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಂಪುಟ ಒಪ್ಪಿತು. ಅಣ್ಣ-ತಮ್ಮ ಪಾಲಾಗುವಾಗ ನಡುವಿನ ಬದುವಿನ ಕಸ ಯಾರೂ ತೆಗೆಯುವುದಿಲ್ಲ ಎಂಬುದು ಹೊಲ ಇದ್ದವರಿಗೆ ಗೊತ್ತು. ನವನಗರ ಇರುವುದು ಎರಡೂ ಊರಿನ ನಡುವೆ. ನಾವು ಆ ಬದುವಾಗಬಾರದು.

ನಮ್ಮ ಬೇಡಿಕೆಗಳು

1. ನವನಗರದ ಪ್ರತಿ ಚೇಂಬರಿಗೂ ಸಂಖ್ಯೆ ಹಾಕಿ, ಆಳ ಮತ್ತು ಇಳಿಜಾರು ಅಳೆದು, ಒಳಚರಂಡಿಯ ನಕ್ಷೆಯನ್ನು ವಲಯ ಕಚೇರಿಯ ಗೋಡೆಗೆ ಹಚ್ಚಬೇಕು. ಪದೇ ಪದೇ ಕಟ್ಟುವ ಕಡೆ ಕೊಳವೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿ, ಕುಸಿದ ತುಂಡನ್ನು ಬದಲಿಸಬೇಕು.

2. ಮಳೆನೀರಿನ ಗಟಾರ ಓಣಿಯ ಬಾಯಿಂದ ಹಳ್ಳದವರೆಗೆ ಎಲ್ಲೂ ತುಂಡಾಗದಂತೆ ಜೋಡಿಸಬೇಕು. ಗಟಾರ ಮತ್ತು ಮೋರಿಗಳ ಹೂಳನ್ನು ಪ್ರತಿ ವರ್ಷ ಮೇ ತಿಂಗಳೊಳಗೆ ತೆಗೆಯಬೇಕು. ತೆಗೆದ ಹೂಳನ್ನು ಗಟಾರದ ದಂಡೆಯ ಮೇಲೇ ಬಿಟ್ಟು ಹೋಗಬಾರದು.

3. ಹಳೇ ಪದರ ಕೆತ್ತಿ ತೆಗೆಯದೆ ಹೊಸ ಡಾಂಬರು, ಕಾಂಕ್ರೀಟು ಹಾಕಬಾರದು.

4. ರಸ್ತೆಗಿಂತ ತಗ್ಗಿನಲ್ಲಿರುವ ಮನೆಗಳ ಸಂಪರ್ಕಕ್ಕೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವನ್ನು ಪಾಲಿಕೆಯ ಖರ್ಚಿನಲ್ಲಿ ಕೂಡಿಸಬೇಕು. ಮೂಲ ಕೆಲಸ ಮುಗಿಯುವವರೆಗೆ ಇದು ತಾತ್ಕಾಲಿಕ ಆಸರೆ.

5. ಮುಖ್ಯ ಕೊಳವೆಗೆ ಇನ್ನೂ ಎಷ್ಟು ತಡೆಯುವ ಶಕ್ತಿ ಇದೆ ಎಂದು ಎಂಜಿನಿಯರ್ ಬರೆದು ಕೊಡದೆ ಹೊಸ ಬಡಾವಣೆಗೆ, ಅಪಾರ್ಟ್‌ಮೆಂಟಿಗೆ ಸಂಪರ್ಕ ಕೊಡಬಾರದು.

6. ದೂರು ಮುಚ್ಚುವಾಗ ಚೇಂಬರ್ ಸಂಖ್ಯೆ, ಕಟ್ಟಿದ ಕಾರಣ, ಮಾಡಿದ ಕೆಲಸ ಈ ಮೂರನ್ನೂ ಬರೆದು ಕೊಡಬೇಕು. ಒಂದೇ ಚೇಂಬರಿನ ಮೇಲೆ ಮೂರನೇ ದೂರು ಬಂದರೆ ಗಾಡಿಯ ಜೊತೆ ಎಂಜಿನಿಯರೂ ಬರಬೇಕು.

7. ಎಂಥ ತುರ್ತಿದ್ದರೂ ಚೇಂಬರಿನೊಳಗೆ ಮನುಷ್ಯನನ್ನು ಇಳಿಸಬಾರದು. ಸುರಕ್ಷತಾ ಸಾಧನ ಕೊಡದೆ ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ನಿಷೇಧಿಸಿದೆ. ಒಳಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ನಮ್ಮ ಬಚ್ಚಲು ಸ್ವಚ್ಛವಾಗಲು ಯಾರ ಮನೆಯ ಮಗನೂ ಜೀವ ಕೊಡುವುದು ನಮಗೆ ಬೇಡ.

ನಮ್ಮ ಪಾಲಿನ ಕೆಲಸ

ಇಪ್ಪತ್ತು ಮನೆಯ ಲೆಕ್ಕ ಮೇಲೆ ಬರೆದೆವಲ್ಲ, ಆ ಇಪ್ಪತ್ತು ಮನೆ ಬೇರೆ ಊರಿನವಲ್ಲ. ಈ ಭಾನುವಾರ ನಿಮ್ಮ ಮಾಳಿಗೆಯ ಪೈಪು ಎಲ್ಲಿಗೆ ಇಳಿಯುತ್ತದೆ ಎಂದು ನೋಡಿ. ಯುಜಿಡಿ ಚೇಂಬರಿಗೆ ಹೋಗುತ್ತಿದ್ದರೆ ಕತ್ತರಿಸಿ ಗಟಾರಕ್ಕೋ, ಇಂಗುಗುಂಡಿಗೋ, ಸಂಪಿಗೋ ಬಿಡಿ. ಮಳೆ ಬಂದಾಗ ಅಂಗಳದ ನೀರು ಹೋಗಲೆಂದು ಚೇಂಬರ್ ಮುಚ್ಚಳ ಎತ್ತಿಡುವ ಚಟ ಬಿಡೋಣ. ಎತ್ತಿದವರ ಅಂಗಳ ಒಣಗುತ್ತದೆ, ಕೆಳಗಿನ ಮನೆ ತುಂಬುತ್ತದೆ. ಕರಿದ ಎಣ್ಣೆ, ಪ್ಯಾಡು, ಡೈಪರು, ಪ್ಲಾಸ್ಟಿಕ್ಕು ಕೊಳವೆಗೆ ಹೋಗದಿರಲಿ. ಗಟಾರದ ಮೇಲೆ ಕಲ್ಲು ಹಾಸಿ ರ‍್ಯಾಂಪು ಕಟ್ಟಿಕೊಂಡವರು ಹೂಳು ತೆಗೆಯಲು ಜಾಗ ಬಿಡಿ. ನಮ್ಮ ಕೈ ಸ್ವಚ್ಛವಿದ್ದರೆ ಕೇಳುವ ದನಿಗೂ ಬಲ ಬರುತ್ತದೆ.

ಇನ್ನೊಂದು ಕೆಲಸವಿದೆ, ಅದಕ್ಕೆ ಒಂದು ಪೆನ್ಸಿಲ್ ಸಾಕು. ಮುಂದಿನ ಸಲ ನೀರು ಒಳಗೆ ಬಂದಾಗ ಅದು ಗೋಡೆಯ ಮೇಲೆ ಎಲ್ಲಿಯವರೆಗೆ ಏರಿತೋ ಅಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾರೀಖು, ತಾಸು ಬರೆಯಿರಿ. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಮಕ್ಕಳ ಎತ್ತರ ಗುರುತಿಸುತ್ತೇವಲ್ಲ, ಹಾಗೆಯೇ. ಫೋಟೊ ತೆಗೆದಿಡಿ. ಒಂದು ಮನೆಯ ಗೆರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಕ್ಕಿಲ್ಲ. ಐವತ್ತು ಮನೆಯ ಗೆರೆಗಳನ್ನು ಒಂದೇ ಹಾಳೆಯ ಮೇಲೆ ಇಟ್ಟರೆ ನೀರು ಯಾವ ಚೇಂಬರಿನಿಂದ ಎದ್ದು ಯಾವ ಓಣಿ ಹಿಡಿಯಿತು ಎಂಬ ನಕ್ಷೆಯೇ ಸಿಗುತ್ತದೆ. ಮೇಲಿನ ಬೇಡಿಕೆಗಳ ಮನವಿಯ ಜೊತೆ ಆ ಹಾಳೆಯನ್ನು ವಾರ್ಡ್ ಸದಸ್ಯರಿಗೂ ಆಯುಕ್ತರಿಗೂ ಕೊಟ್ಟು ಸ್ವೀಕೃತಿ ಪಡೆಯೋಣ. ಒಳಚರಂಡಿಯ ಈಗಿನ ನಕ್ಷೆಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳೋಣ. 30 ದಿನದಲ್ಲಿ ಉತ್ತರ ಬರಬೇಕು.

ಎತ್ತರದ ಓಣಿಯವರಿಗೆ ಒಂದು ಮಾತು. ನಿಮ್ಮ ಮನೆಗೆ ನೀರು ಬಂದಿಲ್ಲ, ಬರುವುದೂ ಬೇಡ. ಆದರೆ ನೀವು ಬಿಟ್ಟ ನೀರು ನಮ್ಮ ಮನೆಯ ಕೆಳಗೇ ಹಾಯ್ದು ಹೋಗಬೇಕು. ಸಹಿ ಮಾಡುವಾಗ ನೀವೂ ಜೊತೆಗಿರಿ.

ಮನವಿಗೆ ಸಹಿ ಸಂಗ್ರಹಿಸುವವರು ಸಂಜೆ ಹೊತ್ತು ನಿಮ್ಮ ಮನೆಗೆ ಬರುತ್ತಾರೆ. ಗೋಡೆಯಲ್ಲಿ ಗೆರೆ ಇದ್ದರೆ ತೋರಿಸಿ. ಓದಿದ ಮೇಲೆ ಈ ಹಾಳೆಯನ್ನು ಎಸೆಯದೆ ಪಕ್ಕದ ಮನೆಗೆ ಕೊಡಿ, ಗಟಾರಕ್ಕಂತೂ ಹಾಕಬೇಡಿ.

ಇಂತಿ,
ನವನಗರದ ನಿವಾಸಿಗಳು