ಅಪ್ಪನ ಎಫ್‌ಡಿ ಮುರಿಸಿ ಹಳೇ ಫಾರ್ಚುನರ್ ತಗೋಬೇಡ್ರೋ

1/5
ಬಿಳಿ ಫಾರ್ಚುನರ್, ಸ್ಲೋ ಮೋಷನ್, ಹಿಂದೆ ಬಿಜಿಎಂ, ಮೇಲೆ "ಹೊಸ ಕ್ರೆಟಾ ರೇಟಿಗೇ ಫಾರ್ಚುನರ್" ಅಂತ ದೊಡ್ಡಕ್ಷರ. ಈ ರೀಲ್ ನೋಡಿದ್ದೀರಲ್ಲ? ಅದನ್ನ ಅಪ್ಪಂಗೆ ಕಳಿಸಿ "ಫ್ಯಾಮಿಲಿಗೆ ಒಳ್ಳೇದು" ಅಂತ ತಲೆ ತಿನ್ನೋರು ನಾವೇ. ತಂಗಿ ಓದಿಗಿಟ್ಟ ಎಫ್‌ಡಿ ಮುರಿಸೋಣ ಅಂದೋನು ನಾನೂ ಒಬ್ಬ. ಹಾಗಾಗಿ ಈ ಬೈಗುಳ ನನಗೂ ಸೇರಿ.

2/5
ಗಾಡಿ ಹಳೇದಾದ್ರೆ ಅದರ ರೇಟು ಇಳಿಯುತ್ತೆ. ಸ್ಪೇರ್ ಪಾರ್ಟ್ಸ್ ರೇಟು ಇಳಿಯಲ್ಲ. ಸುಮಾರು 2 ಟನ್ ತೂಕದ ಗಾಡಿ ಅದು. ಟಯರು, ಬ್ರೇಕು, ಕ್ಲಚ್, ಇಂಜೆಕ್ಟರ್ ಎಲ್ಲಾ ದೊಡ್ಡ ಗಾಡೀದೇ, ಇವತ್ತಿನ ರೇಟಿಗೇ. ಟ್ಯಾಂಕು 80 ಲೀಟರ್. ಡೀಸೆಲ್ 90 ರೂಪಾಯಿ ಅಂತ ಹಿಡಿದ್ರೂ ಒಂದ್ಸಲ ಫುಲ್ ಮಾಡಿಸೋಕೆ 7,200. ಇಎಂಐ ಲೆಕ್ಕ ತೋರಿಸೋ ಬ್ರೋಕರ್ ಇದನ್ನ ಹೇಳಲ್ಲ. ಹೇಳಿದ್ರೆ ವ್ಯಾಪಾರ ಆಗಲ್ಲ.

3/5
"ಡೆಲ್ಲಿ ಗಾಡಿ, ಅರ್ಧ ರೇಟು" ಅಂದ ತಕ್ಷಣ ಕುಣೀಬೇಡಿ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಾಧಿಕರಣ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಅಲ್ಲಿ ಬೆಲೆ ಬಿದ್ದಿದ್ದಕ್ಕೆ ಇಲ್ಲಿಗೆ ಬಂತು. ಇಲ್ಲಿ ಎನ್‌ಒಸಿ ಬೇಕು, ಕೆಎ ನಂಬರ್ ಮಾಡಿಸಬೇಕು, ಲೈಫ್ ಟ್ಯಾಕ್ಸ್ ಕಟ್ಟಬೇಕು. ಆ ಟ್ಯಾಕ್ಸ್ ನೀವು ಕೊಟ್ಟ ಅಗ್ಗದ ರೇಟಿನ ಮೇಲಲ್ಲ, ಗಾಡಿಯ ಮೂಲ ಬೆಲೆ ಮತ್ತು ವಯಸ್ಸು ನೋಡಿ ಹಾಕ್ತಾರೆ. ಇದನ್ನೂ ಕೂಡಿಸಿದ ಮೇಲೆ ಅರ್ಧ ರೇಟು ಎಲ್ಲುಳೀತು?

4/5
"ಮನೇಲಿ ಏಳು ಜನ ಇದೀವಿ ಮಗಾ" ಅಂತೀರ. ಸರಿ, ಹಿಂದಿನ ಸೀಟಲ್ಲಿ ಅಜ್ಜಿನ ಕೂರಿಸಿ ನೋಡಿ. ಎತ್ತರದ ಗಾಡಿಗೆ ಹತ್ತೋದೇ ಕಷ್ಟ, ಹತ್ತಿದ ಮೇಲೆ ಮಂಡಿ ಎದೆಗೆ ಬರುತ್ತೆ. ಆ ಸೀಟು ಬಿಡಿಸಿದ್ರೆ ಬ್ಯಾಗಿಗೆ ಜಾಗ ಇಲ್ಲ. ಏಳು ಜನ ಕೂರೋದೇ ಮುಖ್ಯ ಆಗಿದ್ರೆ ಇನ್ನೋವಾ, ಎರ್ಟಿಗಾ ಕೇಳ್ತಿದ್ರಿ. ವರ್ಷಕ್ಕೆರಡು ಸಲ ಧರ್ಮಸ್ಥಳಕ್ಕೆ ಹೋಗೋಕೆ ಬಾಡಿಗೆ ಗಾಡಿ ಸಾಕು. ನಮಗೆ ಬೇಕಿರೋದು ಕಾಲೇಜ್ ಗೇಟ್ ಮುಂದೆ ಇಳಿಯೋ ಗತ್ತು. ಒಪ್ಕೊಳ್ಳಿ.

5/5
ಇಷ್ಟಾದ್ರೂ ಮನೇಲಿ ತಗೊಳ್ಳೋದೇ ಅಂತ ತೀರ್ಮಾನ ಆದ್ರೆ ಇದನ್ನ ಸೇವ್ ಮಾಡ್ಕೊಳ್ಳಿ:
• ಆರ್‌ಸಿಲಿ ಸಾಲದ ಹೆಸರು ಇದ್ಯಾ, ಚಲನ್ ಬಾಕಿ ಇದ್ಯಾ ನೋಡಿ.
• ಖಾಸಗಿ ಗಾಡಿ ಆರ್‌ಸಿ 15 ವರ್ಷಕ್ಕೆ. ಎಷ್ಟು ಉಳಿದಿದೆ ಎಣಿಸಿ.
• ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ. ಕೆಸರಿನ ಕಲೆ ಇದ್ರೆ ನೀರಲ್ಲಿ ಮುಳುಗಿದ್ದ ಗಾಡಿ ಇರಬಹುದು.
• ಬ್ರೋಕರ್ ಮೆಕ್ಯಾನಿಕ್ ಬೇಡ, ನಿಮ್ಮವರನ್ನ ಕರ್ಕೊಂಡು ಹೋಗಿ.
• 14 ದಿನದೊಳಗೆ ಇನ್ಶೂರೆನ್ಸ್ ಹೆಸರು ಬದಲಾಯಿಸಿ.

ಬೈಯೋದಿದ್ರೆ ಕಾಮೆಂಟಲ್ಲಿ ಬೈಯ್ರಿ. ಅದಕ್ಕೆ ಮೊದಲು ಅಪ್ಪನ ಪಕ್ಕ ಕೂತು, ಗಾಡಿ ತಂದ ಮೇಲೆ ತಿಂಗಳಿಗೆ ಎಷ್ಟು ಖರ್ಚಾಗುತ್ತೆ ಅಂತ ಒಂದು ಹಾಳೆ ಮೇಲೆ ಬರೀರಿ.