ಪಾಸಾಗಲು 33, ಎಂಜಿನಿಯರಿಂಗ್‌ಗೆ 45: ಅಂಕ ಕಡಿಮೆಯಾದವರಿಗೆ ಯಾವ ಪ್ರಮಾಣಪತ್ರ ನೆರವಾದೀತು?

ದ್ವಿತೀಯ ಪಿಯುಸಿ ಮತ್ತು ಎಸ್ಸೆಸ್ಸೆಲ್ಸಿಯಲ್ಲಿ ಉತ್ತೀರ್ಣರಾಗಲು ಬೇಕಾದ ಅಂಕವನ್ನು ಶೇ 35ರಿಂದ 33ಕ್ಕೆ ಇಳಿಸುವುದಾಗಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. ಇದರಂತೆ ಪಿಯುಸಿಯಲ್ಲಿ 600ಕ್ಕೆ 198 ಅಂಕ, ಪ್ರತಿ ವಿಷಯದಲ್ಲಿ ಕನಿಷ್ಠ 30 ಅಂಕ ಬಂದರೆ ಸಾಕು. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂಥ ಊರುಗಳಲ್ಲಿ ಒಂದೆರಡು ಅಂಕಕ್ಕೆ ಫೇಲಾಗಿ ಓದನ್ನೇ ಬಿಡುವ ಮಕ್ಕಳ ಪಾಲಿಗೆ ಇದು ನೆಮ್ಮದಿಯ ಸುದ್ದಿ. ಆದರೆ ಪಾಸಾಗುವ ಅಂಕ ಇಳಿಯಿತೆಂದು ವೃತ್ತಿಪರ ಕೋರ್ಸುಗಳ ಪ್ರವೇಶಕ್ಕೆ ಬೇಕಾದ ಅಂಕ ಇಳಿದಿಲ್ಲ. ಪಾಸಾದ ಸಂತೋಷದಲ್ಲಿ ಈ ವ್ಯತ್ಯಾಸ ಅನೇಕ ಪಾಲಕರ ಗಮನಕ್ಕೇ ಬರುವುದಿಲ್ಲ.

ಎಂಜಿನಿಯರಿಂಗ್ ಸೇರಲು ಸಾಮಾನ್ಯ ವರ್ಗದವರಿಗೆ ಭೌತಶಾಸ್ತ್ರ, ಗಣಿತ ಮತ್ತು ಮತ್ತೊಂದು ನಿಗದಿತ ವಿಷಯದಲ್ಲಿ ಒಟ್ಟು ಶೇ 45 ಬೇಕು. ಅಂದರೆ 300ಕ್ಕೆ 135. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1, 2ಎ, 2ಬಿ, 3ಎ ಮತ್ತು 3ಬಿ ವಿದ್ಯಾರ್ಥಿಗಳಿಗೆ ಶೇ 40, ಅಂದರೆ 120 ಸಾಕು. ವೈದ್ಯಕೀಯಕ್ಕೆ ನೀಟ್ ಅರ್ಹತೆಯ ಜೊತೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಶೇ 50, ಮೀಸಲು ವರ್ಗಗಳಿಗೆ ಶೇ 40 ಇರಬೇಕು. ಮೂರು ವಿಷಯಗಳಲ್ಲಿ ಶೇ 33 ಪಡೆದು ಪಾಸಾದ ವಿದ್ಯಾರ್ಥಿಯ ಬಳಿ ಇರುವುದು 99 ಅಂಕ. ಎಂಜಿನಿಯರಿಂಗ್ ಅರ್ಹತೆಗೆ ಅವನಿಗೆ ಇನ್ನೂ 36 ಅಂಕ ಬೇಕು. 3ಬಿ ಆಗಿದ್ದರೆ 21.

ಜೈನ ಸಮಾಜದ ಪಾಲಿಗೆ ಮುಖ್ಯವಾದ ಮಾತು ಇಲ್ಲಿದೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿ ಅಡಿಯಲ್ಲಿದ್ದಾರೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ನೀಡಿದ ಮೇಲೆ ಅಲ್ಪಸಂಖ್ಯಾತ ಪ್ರಮಾಣಪತ್ರವೊಂದಿದ್ದರೆ ಎಲ್ಲಕ್ಕೂ ಆಯಿತು ಎಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ಅಲ್ಪಸಂಖ್ಯಾತ ಪ್ರಮಾಣಪತ್ರ ವಿದ್ಯಾರ್ಥಿವೇತನಕ್ಕೆ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ ಉಪಯೋಗವಾಗುತ್ತದೆ. ಕನಿಷ್ಠ ಅರ್ಹತಾ ಅಂಕವನ್ನು ಅದು ಇಳಿಸುವುದಿಲ್ಲ. ಇಳಿಸುವುದು ತಹಶೀಲ್ದಾರರು ಕೊಡುವ 3ಬಿ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದಕ್ಕೆ ಕೆನೆಪದರದ ಮಿತಿ ಅನ್ವಯಿಸುತ್ತದೆ.

ಉದಾಹರಣೆಗೆ, 300ಕ್ಕೆ 126 ಅಂಕ, ಅಂದರೆ ಶೇ 42 ಪಡೆದ ಒಬ್ಬ ದಿಗಂಬರ ವಿದ್ಯಾರ್ಥಿನಿಯನ್ನು ತೆಗೆದುಕೊಳ್ಳಬಹುದು. ಕೈಯಲ್ಲಿ ಅಲ್ಪಸಂಖ್ಯಾತ ಪ್ರಮಾಣಪತ್ರ ಮಾತ್ರ ಇದ್ದರೆ ಆಕೆ ಅನರ್ಹಳು. 3ಬಿ ಪ್ರಮಾಣಪತ್ರವಿದ್ದರೆ ಅರ್ಹಳು. ಎರಡೂ ಸಂದರ್ಭದಲ್ಲಿ ಅಂಕಪಟ್ಟಿ ಒಂದೇ.

ಹಾಗಾದರೆ ಜೈನ ಅಲ್ಪಸಂಖ್ಯಾತ ಕಾಲೇಜುಗಳಲ್ಲಿ ರಿಯಾಯಿತಿ ಸಿಗಬಹುದಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಸ್ವಂತ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಕರ್ನಾಟಕದಿಂದಲೇ ಹೋದ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಈ ಹಕ್ಕನ್ನು ಎತ್ತಿಹಿಡಿಯಿತು; ವೃತ್ತಿಪರ ಶಿಕ್ಷಣದಲ್ಲಿ ಅರ್ಹತೆಯನ್ನು ಕಡೆಗಣಿಸುವಂತಿಲ್ಲ ಎಂದೂ ಹೇಳಿತು. ಸಮಾಜದ ಮಕ್ಕಳಿಗೆ ಸೀಟು ಕಾದಿರಿಸಬಹುದು, ನಿಯಂತ್ರಣ ಮಂಡಳಿ ನಿಗದಿಪಡಿಸಿದ ಕನಿಷ್ಠ ಅಂಕವನ್ನು ಬದಿಗಿಡಲಾಗದು. ಮ್ಯಾನೇಜ್‌ಮೆಂಟ್ ಸೀಟಿಗೂ ಇದೇ ನಿಯಮ. ಅಂಕ ಕಡಿಮೆಯಿದ್ದರೂ ಹಣ ಕೊಟ್ಟರೆ ಸೀಟು ಖಚಿತ ಎನ್ನುವ ಮಧ್ಯವರ್ತಿಗಳ ಮಾತು ನಂಬಿದವರು ವಿಶ್ವವಿದ್ಯಾಲಯದ ಅನುಮೋದನೆ ಸಿಗದೆ ಹಣ, ವರ್ಷ ಎರಡನ್ನೂ ಕಳೆದುಕೊಳ್ಳುವ ಅಪಾಯವಿದೆ.

ಅರ್ಹತೆಯ ಅಂಕ ದಾಟಿದ ಮೇಲೆ ರ್‍ಯಾಂಕಿನ ಪ್ರಶ್ನೆ. ಸಿಇಟಿ ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕ ಮತ್ತು ಸಿಇಟಿ ಅಂಕಗಳನ್ನು ಸಮಪಾಲಿನಲ್ಲಿ ಪರಿಗಣಿಸಲಾಗುತ್ತದೆ. ಇಲ್ಲಿ ರಾಯಚೂರು ಜಿಲ್ಲೆಯವರಿಗೆ 371(ಜೆ) ವಿಧಿಯ ಬಲವಿದೆ. ಈ ವಿಧಿಯಡಿ 2013ರಲ್ಲಿ ಹೊರಟ ಆದೇಶದಂತೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು ಈ ಪ್ರದೇಶದ ವಿದ್ಯಾರ್ಥಿಗಳಿಗೆ ಮೀಸಲು. ಇದಕ್ಕೆ ಸಹಾಯಕ ಆಯುಕ್ತರ ಅರ್ಹತಾ ಪ್ರಮಾಣಪತ್ರ ಬೇಕು. ಜೊತೆಗೆ 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತೂ ವರ್ಷ ಓದಿದ ಮಗುವಿಗೆ ಇವೆರಡೂ ಅನ್ವಯಿಸಬಹುದು. ಇವೆಲ್ಲ ಕಡಿಮೆ ರ್‍ಯಾಂಕಿಗೂ ಸೀಟು ಸಿಗುವ ಅವಕಾಶ ಹೆಚ್ಚಿಸುತ್ತವೆ. ಶೇ 40 ಅಥವಾ 45ರ ಗೆರೆಯನ್ನು ಬದಲಿಸುವುದಿಲ್ಲ.

ಆ ಗೆರೆಯನ್ನೇ ಮುಟ್ಟದವರು ಏನು ಮಾಡಬೇಕು? ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶಗಳಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಎಂಟು-ಹತ್ತು ಅಂಕಗಳ ಕೊರತೆ ಇದ್ದವರಿಗೆ ಪರೀಕ್ಷೆ 2 ಎಲ್ಲಕ್ಕಿಂತ ಹತ್ತಿರದ ದಾರಿ. ಗಣಿತದಲ್ಲಿ ಹಿಂದುಳಿದವರು ಎಸ್ಸೆಸ್ಸೆಲ್ಸಿ ಆಧಾರದಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗ್ ಸೇರಬಹುದು. ಅಲ್ಲಿಯೂ ಡಿಪ್ಲೊಮಾದಲ್ಲಿ ಕನಿಷ್ಠ ಅಂಕದ ನಿಯಮವಿದೆ. ಬಿಎ, ಬಿಕಾಂಗೆ ಪಿಯುಸಿ ಪಾಸಾಗಿರುವುದೇ ಮುಖ್ಯ. ರಾಯಚೂರು, ಯಾದಗಿರಿ ಜಿಲ್ಲೆಗಳಿಗೆಂದು ರಾಯಚೂರಿನಲ್ಲೇ ಪ್ರತ್ಯೇಕ ವಿಶ್ವವಿದ್ಯಾಲಯ ಆಗಿರುವುದರಿಂದ ಪದವಿಯ ಕೆಲಸಗಳಿಗೆ ಕಲಬುರಗಿಗೆ ಹೋಗಬೇಕಾದ ಕಷ್ಟವೂ ತಪ್ಪಿದೆ.

ಸಿಇಟಿ ಅರ್ಜಿಯನ್ನು ಪಿಯುಸಿ ಫಲಿತಾಂಶಕ್ಕೆ ಮೊದಲೇ ತುಂಬಬೇಕು. 3ಬಿ, 371(ಜೆ), ಗ್ರಾಮೀಣ, ಕನ್ನಡ ಮಾಧ್ಯಮ ಎಂಬ ಕೋರಿಕೆಗಳನ್ನು ಅರ್ಜಿಯಲ್ಲೇ ನಮೂದಿಸಬೇಕು. ಅಂಕ ಕಡಿಮೆ ಬಂದಿದೆ ಎಂದು ಗೊತ್ತಾದ ಮೇಲೆ ನಾಡಕಚೇರಿಗೆ ಓಡಿದರೆ ಹೊತ್ತು ಮೀರಿರುತ್ತದೆ. ಪ್ರತಿಭಾವಂತ ಮಕ್ಕಳನ್ನು ಬಸದಿಯ ಅಂಗಳದಲ್ಲಿ ಸನ್ಮಾನಿಸುವ ಪದ್ಧತಿ ಹಲವು ಊರುಗಳಲ್ಲಿದೆ, ಅದು ಮುಂದುವರಿಯಲಿ. ಅದೇ ಅಂಗಳದಲ್ಲಿ ಡಿಸೆಂಬರ್ ತಿಂಗಳ ಒಂದು ಭಾನುವಾರ ಪಿಯುಸಿ ಓದುವ ಮಕ್ಕಳ ಪ್ರಮಾಣಪತ್ರಗಳನ್ನು ಹಿರಿಯರು ಕೂತು ಪರಿಶೀಲಿಸಿದರೆ, ಸನ್ಮಾನದ ಪಟ್ಟಿಗೆ ಬಾರದ ಮಕ್ಕಳಿಗೂ ಸಮಾಜದ ನೆರವು ತಲುಪುತ್ತದೆ.